ಗಂಡಸಿನ ಥೈರಾಯ್ಡ್

"ಮಾವ, ಇದು ಹೆಂಗಸರಿಗೆ ಬರುವ ಕಾಯಿಲೆ ಅಲ್ಲವಾ?" ಎಂದು ಅಕ್ಕನ ಮಗ ಕೇಳಿದಾಗ ಮೈಸೂರಿನಿಂದ ವಿರಾಜಪೇಟೆಗೆ ಹೊರಟಿದ್ದ ನಮ್ಮ ಬಸ್ಸು ಹುಣಸೂರು ದಾಟಿತ್ತು. ಅವನ ಕೈಯಲ್ಲಿದ್ದ ರಕ್ತಪರೀಕ್ಷೆಯ ಕಾಗದದಲ್ಲಿ ಟಿಎಸ್‌ಎಚ್ ಎಂಬ, ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನಿನ ಎದುರು 74 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದರ ಪಕ್ಕದಲ್ಲಿ, ಆರೋಗ್ಯವಂತರಲ್ಲಿ ಇರಬೇಕಾದ ಮಟ್ಟ 0.4ರಿಂದ 4ರವರೆಗೆ ಎಂದು ಸಣ್ಣಕ್ಷರದಲ್ಲಿ ನಮೂದಿಸಲಾಗಿತ್ತು. ಹೆಸರು, ಊರು ಬರೆಯಬಾರದು ಎಂಬ ಒಂದೇ ಷರತ್ತಿನ ಮೇಲೆ ಅವನು ಈ ಬರಹಕ್ಕೆ ಒಪ್ಪಿಗೆ ಕೊಟ್ಟಿದ್ದಾನೆ.

ಅವನಿಗೆ 35 ವರ್ಷ. ಕೆಲವು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಒಂದಿಷ್ಟು ಗದ್ದೆ ನೋಡಿಕೊಂಡು ಮನೆಯಲ್ಲೇ ಇರುವವನು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅಷ್ಟು ವರ್ಷವೂ ಪರೀಕ್ಷೆಗೆ ಒಳಗಾದದ್ದು ಅವನ ಹೆಂಡತಿ ಮಾತ್ರ: ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್-ರೇ, ತಿಂಗಳು ತಿಂಗಳು ಹಾರ್ಮೋನಿನ ರಕ್ತಪರೀಕ್ಷೆ, ಇವುಗಳ ನಡುವೆ ಕಕ್ಕಬ್ಬೆಯ ಇಗ್ಗುತ್ತಪ್ಪನಿಗೆ ಹರಕೆ, ತಲಕಾವೇರಿಯಲ್ಲಿ ತೀರ್ಥಸ್ನಾನ. ಆ ಹುಡುಗಿಯ ಕಡತ ಒಂದು ಇಂಚು ದಪ್ಪವಾಗಿತ್ತು, ಇವನ ಹೆಸರಿನಲ್ಲಿ ಕಡತವೇ ಇರಲಿಲ್ಲ. ಸಂತಾನವಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಮೂರು ದಶಕ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ನನಗೂ ಅದು ತಿಳಿದಿತ್ತು. ಆದರೂ ಸ್ವಂತ ಅಕ್ಕನ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಕೊನೆಗೆ ಅವನು ವೀರ್ಯ ಪರೀಕ್ಷೆ ಮಾಡಿಸಿಕೊಂಡನು. ವರದಿಯಲ್ಲಿ ಮಿಲಿಲೀಟರಿಗೆ 110 ಲಕ್ಷ ವೀರ್ಯಾಣುಗಳಿದ್ದು, ಮುಂದಕ್ಕೆ ಚಲಿಸುವವು 100ಕ್ಕೆ 14, ಸರಿಯಾದ ಆಕಾರದವು 100ಕ್ಕೆ 2 ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಈ ಮೂರರ ಕೆಳಮಿತಿ ಕ್ರಮವಾಗಿ 160 ಲಕ್ಷ, 30 ಮತ್ತು 4. ಪರೀಕ್ಷೆ ನಡೆಸಿದ ಕೇಂದ್ರದವರು ವರದಿಯನ್ನು ನೋಡಿದೊಡನೆ ಪ್ರನಾಳ ಶಿಶುವಿನ ವಿಧಾನವನ್ನೂ ಅದರ ಖರ್ಚಿನ ಪಟ್ಟಿಯನ್ನೂ ಮುಂದಿಟ್ಟರಂತೆ. ಅವನ ಕುತ್ತಿಗೆಯನ್ನು ಯಾರೂ ಮುಟ್ಟಿ ನೋಡಲಿಲ್ಲ, ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಏಕೆ ಹಾಕಿಕೊಂಡಿದ್ದೀರಿ ಎಂದು ಯಾರೂ ಕೇಳಲಿಲ್ಲ. ಕೇಳದ ತಪ್ಪು ಮನೆಯವರಾದ ನಮ್ಮದೂ ಹೌದು. ಅವನಿಗೆ ಸದಾ ಚಳಿ, ಸದಾ ಆಯಾಸ. ಮುಖ ಊದಿಕೊಂಡಿತ್ತು, ಧ್ವನಿ ಗೊಗ್ಗರಾಗಿತ್ತು, ಚರ್ಮ ಒಣಗಿತ್ತು, ಎರಡು ವರ್ಷದಲ್ಲಿ 11 ಕಿಲೋ ತೂಕ ಏರಿತ್ತು. ಮಂಜು ಮಳೆಯ ನಮ್ಮ ಊರಿನಲ್ಲಿ ಚಳಿ ಎನ್ನುವವನ ಮಾತನ್ನು ಯಾರು ಕಾಯಿಲೆ ಎಂದುಕೊಳ್ಳುತ್ತಾರೆ? ಮಳೆಗಾಲದಲ್ಲಿ ನಾಟಿ, ಚಳಿಗಾಲದಲ್ಲಿ ಕಾಫಿ ಕುಯ್ಲು ಎಂದು ಆಯಾಸಕ್ಕೂ ನಮ್ಮಲ್ಲಿ ಕಾರಣ ಸಿದ್ಧವಾಗಿಯೇ ಇರುತ್ತದೆ.

ಮೈಸೂರಿನ ಹಾರ್ಮೋನು ತಜ್ಞರು ಮಾತ್ರ ಅವನು ಕುರ್ಚಿಯಲ್ಲಿ ಕುಳಿತ ರೀತಿಯನ್ನು ನೋಡಿ, ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಾಲು ನಿಧಾನವಾಗಿ ಸ್ವಸ್ಥಾನಕ್ಕೆ ಮರಳುವುದನ್ನು ಗಮನಿಸಿ, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಸೋತಾಗ ಅದನ್ನು ಎಚ್ಚರಿಸಲು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನು ಹೆಚ್ಚು ಹೆಚ್ಚು ಸುರಿಸುತ್ತದೆ. ಆದ್ದರಿಂದ 74 ಎಂಬ ದೊಡ್ಡ ಸಂಖ್ಯೆಯ ಅರ್ಥ ಥೈರಾಯ್ಡ್ ಹೆಚ್ಚಾಗಿದೆ ಎಂದಲ್ಲ, ಬಹಳ ಕಡಿಮೆಯಾಗಿದೆ ಎಂದು. ಬಸ್ಸಿನಲ್ಲಿ ಅವನಿಗೆ ಮೊದಲು ವಿವರಿಸಬೇಕಾದದ್ದೇ ಇದು. ಕಾಯಿಲೆ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು ಎಂಬುದು ನಿಜ, ಗಂಡಸರಿಗೆ ಬರುವುದಿಲ್ಲ ಎಂಬುದು ಸುಳ್ಳು.

ಅವನು ತಿತಿಮತಿಯ ಹತ್ತಿರ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ. "ಕುತ್ತಿಗೆಯ ಗ್ರಂಥಿಗೂ ಇದಕ್ಕೂ ಏನು ಸಂಬಂಧ?"

ವೃಷಣದ ಒಳಗೆ ಸಣ್ಣ ಸಣ್ಣ ನಾಳಗಳ ಸಿಂಬೆಗಳಿವೆ. ಆ ನಾಳಗಳ ಗೋಡೆಯಲ್ಲಿ ನಿಂತು, ಬೆಳೆಯುತ್ತಿರುವ ವೀರ್ಯಾಣುಗಳನ್ನು ತಮ್ಮ ಮೈಯ ಮಡಿಲುಗಳಲ್ಲಿ ಇಟ್ಟುಕೊಂಡು ಪೋಷಿಸುವ ಎತ್ತರದ ಕೋಶಗಳನ್ನು 1865ರಲ್ಲಿ ಇಟಲಿಯ ಎನ್ರಿಕೊ ಸರ್ಟೋಲಿ ವಿವರಿಸಿದರು. 'ಸರ್ಟೋಲಿ ಕೋಶಗಳ ಕಾರ್ಯವೇನು?' ಎಂಬುದು ನನ್ನ ತರಗತಿಯಲ್ಲಿ ಎರಡು ಅಂಕದ ಪ್ರಶ್ನೆಯಾಗಿತ್ತು, 'ವೀರ್ಯಾಣುಗಳಿಗೆ ಪೋಷಣೆ' ಎಂದು ಬರೆದರೆ ಎರಡೂ ಅಂಕ ಸಿಗುತ್ತಿದ್ದವು. ಆ ಉತ್ತರದಲ್ಲಿ ಬಿಟ್ಟುಹೋಗುತ್ತಿದ್ದ ಮುಖ್ಯ ವಿಷಯವೆಂದರೆ ಒಂದು ಸರ್ಟೋಲಿ ಕೋಶ ಸಾಕಬಲ್ಲ ವೀರ್ಯಾಣುಗಳ ಸಂಖ್ಯೆಗೆ ಮಿತಿ ಇದೆ ಎಂಬುದು. ಪ್ರಾಯಕ್ಕೆ ಬಂದ ಗಂಡಸಿನಲ್ಲಿ ಈ ಕೋಶಗಳು ಇನ್ನು ಹೆಚ್ಚುವುದಿಲ್ಲ. ಹುಟ್ಟುವ ಮೊದಲು, ಹುಟ್ಟಿದ ಹೊಸತರಲ್ಲಿ, ಮತ್ತೆ ಹರೆಯದ ಹೊಸ್ತಿಲಲ್ಲಿ ಅವು ಎಷ್ಟು ಹೆಚ್ಚಿದವೋ ಅಷ್ಟರ ಮೇಲೆಯೇ ಅವನ ಜೀವಮಾನದ ವೀರ್ಯಾಣು ಉತ್ಪಾದನೆಯ ಗರಿಷ್ಠ ಪ್ರಮಾಣ ನಿಂತಿರುತ್ತದೆ. ಹಾಗಾದರೆ 'ಸಾಕು, ಇನ್ನು ವಿಭಜನೆ ನಿಲ್ಲಿಸಿ ಕೆಲಸಕ್ಕೆ ಇಳಿಯಿರಿ' ಎಂದು ಆ ಕೋಶಗಳಿಗೆ ಹೇಳುವವರು ಯಾರು? ಹಾಗೆ ಹೇಳುವವುಗಳಲ್ಲಿ ಥೈರಾಯ್ಡ್ ಹಾರ್ಮೋನು ಪ್ರಮುಖವಾದುದು.

ಇದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಥೈರಾಯ್ಡ್ ಹಾರ್ಮೋನು ಕೊಟ್ಟಾಗ ಯಾವ ಅಂಗಾಂಶ ಹೆಚ್ಚು ಆಮ್ಲಜನಕ ಬಳಸುತ್ತದೆ ಎಂದು 1952ರಲ್ಲಿ ಇಲಿಗಳಲ್ಲಿ ಅಳೆದವರಿಗೆ ಯಕೃತ್ತು, ಮೂತ್ರಪಿಂಡ, ಹೃದಯಗಳು ಓಗೊಟ್ಟರೂ ಪ್ರೌಢ ಇಲಿಯ ವೃಷಣ ಓಗೊಡಲಿಲ್ಲ. ಅಲ್ಲಿಂದ ಮುಂದೆ ವೃಷಣಕ್ಕೂ ಥೈರಾಯ್ಡಿಗೂ ನಂಟಿಲ್ಲ ಎಂಬ ಭಾವನೆ ನೆಲೆಯೂರಿತು. ಅಳತೆಯಲ್ಲಿ ತಪ್ಪಿರಲಿಲ್ಲ, ಅಳೆದ ವಯಸ್ಸು ಬೇರೆಯಾಗಿತ್ತು. ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಎಳೆಯ ಇಲಿಮರಿಯ ಸರ್ಟೋಲಿ ಕೋಶಗಳಲ್ಲಿ ಧಾರಾಳವಾಗಿ ಇವೆ ಎಂಬುದು ಗೊತ್ತಾದದ್ದು ಆಮೇಲೆ. 1991ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಕುಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಈ ವಿಷಯದ ದಿಕ್ಕನ್ನೇ ಬದಲಿಸಿದವು. ಮರಿ ಹುಟ್ಟಿದ ದಿನದಿಂದ ಸುಮಾರು 25 ದಿನಗಳವರೆಗೆ ತಾಯಿಯ ಕುಡಿಯುವ ನೀರಿನಲ್ಲಿ ಥೈರಾಯ್ಡನ್ನು ತಗ್ಗಿಸುವ ಔಷಧ ಬೆರೆಸಿ, ಆಮೇಲೆ ನಿಲ್ಲಿಸಿದರು. ಆ ಗಂಡು ಮರಿಗಳ ಮೈ ಸಣ್ಣದಾಗಿಯೇ ಉಳಿಯಿತು. ಆದರೆ ಅವು ಬೆಳೆದು ದೊಡ್ಡವಾದಾಗ ವೃಷಣದ ತೂಕ ಸುಮಾರು 80 ಪ್ರತಿಶತದಷ್ಟು, ದಿನದ ವೀರ್ಯಾಣು ಉತ್ಪಾದನೆ 140 ಪ್ರತಿಶತದವರೆಗೆ ಹೆಚ್ಚಿತ್ತು. ಸಾಮಾನ್ಯವಾಗಿ ಎರಡು ವಾರದಲ್ಲಿ ನಿಲ್ಲಬೇಕಿದ್ದ ಸರ್ಟೋಲಿ ಕೋಶಗಳ ವಿಭಜನೆ, ನಿಲ್ಲಿಸುವ ಹಾರ್ಮೋನಿಲ್ಲದೆ ಇನ್ನೂ ಕೆಲವು ದಿನ ಮುಂದುವರಿದಿತ್ತು. ತದ್ವಿರುದ್ಧವಾಗಿ, ಎಳೆಯ ಮರಿಗೆ ಹಾರ್ಮೋನು ಅತಿಯಾಗಿ ಸಿಕ್ಕರೆ ಕೋಶಗಳು ಬೇಗ ಪಕ್ವವಾಗಿ, ಸಂಖ್ಯೆ ಕುಗ್ಗಿ, ವೃಷಣ ಸಣ್ಣದಾಗಿಯೇ ಉಳಿಯುತ್ತದೆ.

ಬಸ್ಸಿನಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ. ಕಾಫಿ ಬೆಳೆಯುವವನಿಗೆ ಹೂಮಳೆಯ ಮಾತು ಸಾಕಾಯಿತು. ಫೆಬ್ರವರಿ, ಮಾರ್ಚಿನಲ್ಲಿ ಬೀಳುವ ಮಳೆ ಮೊಗ್ಗನ್ನು ಅರಳಿಸುತ್ತದೆ, ಅದರ ಹಿಂದೆ ಬರುವ ಬ್ಯಾಕಿಂಗ್ ಮಳೆ ಕಾಯಿ ನಿಲ್ಲಿಸುತ್ತದೆ. ಅದೇ ಮಳೆ ಜನವರಿಯಲ್ಲಿ ಕಣದ ಮೇಲೆ ಸುರಿದರೆ ಒಣಗಲು ಹರಡಿದ ಕಾಫಿಗೆ ಬೂಷ್ಟು ಹಿಡಿಯುತ್ತದೆ, ಗಿಡದ ಮೇಲೆ ಹಣ್ಣು ಇರುವಾಗಲೇ ಅಕಾಲದ ಹೂ ಬಿಡುತ್ತದೆ. ನೀರು ಒಂದೇ, ತಿಂಗಳು ಬೇರೆ. ಥೈರಾಯ್ಡ್ ಹಾರ್ಮೋನೂ ವೃಷಣದ ಮಟ್ಟಿಗೆ ಎರಡು ಸಲ ಬರುವ ಮಳೆ: ಎಳವೆಯಲ್ಲಿ ಅದು ಎಷ್ಟು ಕೋಶಗಳು ಎಂಬುದನ್ನು ಗೊತ್ತುಮಾಡುತ್ತದೆ, ದೊಡ್ಡವನಾದ ಮೇಲೆ ಆ ಕೋಶಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದರಲ್ಲಿ ಪಾಲ್ಗೊಳ್ಳುತ್ತದೆ. ಮೊದಲನೆಯದರ ಫಲವನ್ನು ಮುಂದೆ ಬದಲಿಸಲಾಗದು, ಎರಡನೆಯದನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ಇಲಿಯ ಪ್ರಯೋಗವನ್ನು ಓದಿ ಥೈರಾಯ್ಡ್ ಕೊರತೆಯಿಂದ ಗಂಡುಮಕ್ಕಳಿಗೆ ಲಾಭವಿದೆ ಎಂದು ಯಾರೂ ತಿಳಿಯಬಾರದು. ಅಲ್ಲಿ ಕೊರತೆ ತಾತ್ಕಾಲಿಕವಾಗಿತ್ತು. ಅದು ಮುಂದುವರಿದರೆ ಕೋಶಗಳು ಪಕ್ವವಾಗುವುದೇ ತಡವಾಗಿ ವೀರ್ಯಾಣು ಉತ್ಪಾದನೆ ಕುಂಠಿತವಾಗುತ್ತದೆ. ಮನುಷ್ಯ ಶಿಶುವಿನಲ್ಲಂತೂ ವೃಷಣಕ್ಕಿಂತ ಮೊದಲು ಹಾಳಾಗುವುದು ಮಿದುಳಿನ ಬೆಳವಣಿಗೆ. ನಮ್ಮ ದೇಶದಲ್ಲಿ ಸುಮಾರು 1000 ಶಿಶುಗಳಲ್ಲಿ ಒಂದು ಹುಟ್ಟುವಾಗಲೇ ಥೈರಾಯ್ಡ್ ಕೊರತೆ ಹೊಂದಿರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಇದು ಪತ್ತೆಯಾಗುತ್ತದೆ, ಬೇಗ ಮಾತ್ರೆ ಶುರುವಾದ ಮಕ್ಕಳ ಬುದ್ಧಿಯೂ ಹರೆಯವೂ ಸಾಮಾನ್ಯವಾಗಿ ಇತರರಂತೆಯೇ ಸಾಗುತ್ತವೆ. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದ ಕೆಲವು ಹುಡುಗರಲ್ಲಿ ಇನ್ನೊಂದು ವಿಚಿತ್ರ ಕಾಣಿಸುತ್ತದೆ. ಎತ್ತರ ಕುಗ್ಗಿರುತ್ತದೆ, ಮೂಳೆಯ ವಯಸ್ಸು ಹಿಂದೆ ಉಳಿದಿರುತ್ತದೆ, ಮೀಸೆ ಚಿಗುರಿರುವುದಿಲ್ಲ, ಧ್ವನಿ ಒಡೆದಿರುವುದಿಲ್ಲ, ಆದರೆ ವೃಷಣಗಳು ಮಾತ್ರ ವಯಸ್ಸಿಗೆ ಮೀರಿ ದೊಡ್ಡವಾಗಿರುತ್ತವೆ. ಅತಿಯಾಗಿ ಏರಿದ ಟಿಎಸ್‌ಎಚ್, ವೃಷಣವನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಗ್ರಾಹಕಗಳನ್ನೂ ಸ್ವಲ್ಪ ಮಟ್ಟಿಗೆ ಪ್ರಚೋದಿಸುವುದು ಇದಕ್ಕೆ ಒಂದು ಕಾರಣ. ವಿಭಜನೆ ನಿಲ್ಲಿಸುವ ಥೈರಾಯ್ಡ್ ಹಾರ್ಮೋನು ಇಲ್ಲದಿರುವುದು ಮತ್ತೊಂದು. ಮಗ ದೊಡ್ಡವನಾಗುತ್ತಿದ್ದಾನೆ ಎಂದು ಹೆತ್ತವರು ಸುಮ್ಮನಿದ್ದುಬಿಡುವ ಅಪಾಯ ಇಲ್ಲಿದೆ.

ಅಕ್ಕನ ಮಗನಲ್ಲಿ ದೋಷ ಯಾವ ಕಾಲದ್ದು, ಎಳವೆಯದೋ ಈಚಿನದೋ ಎಂಬುದನ್ನು ತಜ್ಞರು ತಿಳಿದುಕೊಂಡ ರೀತಿ ನನಗೆ ಬಹಳ ಹಿಡಿಸಿತು. ಅವರ ಮೇಜಿನ ಸೆಳೆಖಾನೆಯಲ್ಲಿ ದಾರಕ್ಕೆ ಪೋಣಿಸಿದ 12 ಮೊಟ್ಟೆಯಾಕಾರದ ಮಣಿಗಳ ಒಂದು ಸರವಿತ್ತು, ಮೊದಲನೆಯದು 1 ಮಿಲಿಲೀಟರ್ ಗಾತ್ರದ್ದು, ಕೊನೆಯದು 25. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಆಂಡ್ರಿಯಾ ಪ್ರಾಡರ್ 1966ರಲ್ಲಿ ಬಳಕೆಗೆ ತಂದ ಅಳತೆ ಇದು. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ವೃಷಣ ಹಿಡಿದು ಹೋಲಿಸುವುದಷ್ಟೇ; ಕಾಫಿ ಬೀಜವನ್ನು ಜರಡಿಯ ಮೇಲೆ ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದನ್ನು ನೋಡಿ ಬೆಳೆದ ನನಗೆ ಇದರಷ್ಟು ಸರಳವಾದ ಉಪಕರಣ ವೈದ್ಯಶಾಸ್ತ್ರದಲ್ಲಿ ಇದೆ ಎಂದೇ ಗೊತ್ತಿರಲಿಲ್ಲ. 4 ಮಿಲಿಲೀಟರಿನ ಮಣಿ ಹರೆಯ ಆರಂಭವಾದುದರ ಗುರುತು, ಪ್ರಾಯದವರಲ್ಲಿ 15ರಿಂದ 25ರವರೆಗೆ ಇರುತ್ತದೆ. ಇವನದು 20 ಇತ್ತು. ಬಾಲ್ಯದಲ್ಲಿ ಕಟ್ಟಬೇಕಾದದ್ದು ಸರಿಯಾಗಿ ಕಟ್ಟಿಕೊಂಡಿದೆ, ಈಗ ಕೆಲಸ ನಿಧಾನವಾಗಿದೆ, ಅದನ್ನು ಸರಿಪಡಿಸಲು ಬರುತ್ತದೆ ಎಂದರು. ಆರು ವರ್ಷದಲ್ಲಿ ಆ ದಂಪತಿಗೆ ಸಿಕ್ಕ ಮೊದಲ ನೇರ ಉತ್ತರ ಅದು.

ಪ್ರಾಯದಲ್ಲಿ ಹಾರ್ಮೋನು ಕೊರತೆಯಾದಾಗ ನಡೆಯುವುದು ಹೀಗೆ. ಪುರುಷ ಹಾರ್ಮೋನಾದ ಟೆಸ್ಟೊಸ್ಟಿರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ, ಆದ್ದರಿಂದ ಒಟ್ಟು ಟೆಸ್ಟೊಸ್ಟಿರಾನ್ ಇಳಿಯುತ್ತದೆ. ಥೈರಾಯ್ಡನ್ನು ಎಬ್ಬಿಸಲು ಮಿದುಳು ಕಳಿಸುವ ಸಂದೇಶವೇ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಏರಿಸುತ್ತದೆ, ಅದು ಹೆಚ್ಚಾದರೆ ಕಾಮಾಸಕ್ತಿ ತಗ್ಗುತ್ತದೆ. ನಿಮಿರುವಿಕೆಯ ತೊಂದರೆ, ಸ್ಖಲನದ ವಿಳಂಬ, ವೀರ್ಯಾಣುಗಳ ಆಕಾರದಲ್ಲಿ ಕೆಡುಕು ಇವೆಲ್ಲ ಜೊತೆಗೆ ಬರುತ್ತವೆ. ಥೈರಾಯ್ಡ್ ಅತಿಯಾದವರಲ್ಲಿ ಚಿತ್ರ ತಿರುಗುಮುರುಗು: ಹೊರುವ ಪ್ರೋಟೀನು ಹೆಚ್ಚುವುದರಿಂದ ಒಟ್ಟು ಟೆಸ್ಟೊಸ್ಟಿರಾನ್ ಕಾಗದದ ಮೇಲೆ ಭರ್ಜರಿಯಾಗಿ ಕಾಣುತ್ತದೆ, ಆದರೆ ಅದರಲ್ಲಿ ಬಹುಪಾಲು ಹೊರೆಯಾಳಿನ ತಲೆಯ ಮೇಲೆಯೇ ಉಳಿದು ಕೆಲಸಕ್ಕೆ ಸಿಗುವುದಿಲ್ಲ, ಈಸ್ಟ್ರೊಜನ್ ಏರಿ ಕೆಲವರಿಗೆ ಎದೆ ಊದಿಕೊಳ್ಳುತ್ತದೆ, ವೀರ್ಯಾಣುಗಳ ಚಲನೆ ಕುಗ್ಗುತ್ತದೆ, ಸ್ಖಲನ ಬೇಗನೆ ಆಗುತ್ತದೆ. ಇಟಲಿಯ ತಜ್ಞರು 2005ರಲ್ಲಿ ಪ್ರಕಟಿಸಿದ 48 ಗಂಡಸರ ಅಧ್ಯಯನದಲ್ಲಿ, ಥೈರಾಯ್ಡ್ ಅತಿಯಾಗಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಶೀಘ್ರ ಸ್ಖಲನವಿದ್ದು, ಚಿಕಿತ್ಸೆಯ ನಂತರ ಆ ಪ್ರಮಾಣ ಬಹಳ ಇಳಿಯಿತು. ಕೊರತೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ವಿಳಂಬದ ತೊಂದರೆಯಿತ್ತು. ಥೈರಾಯ್ಡ್ ಅತಿಯಾದುದಕ್ಕೆ ವಿಕಿರಣ ಅಯೋಡಿನ್ ಪಡೆದ ಗಂಡಸರು ಕೆಲವು ತಿಂಗಳು ಮಗುವಿನ ಯೋಚನೆ ಮುಂದೂಡಬೇಕು, ಎಷ್ಟು ತಿಂಗಳು ಎಂಬುದನ್ನು ಚಿಕಿತ್ಸೆ ಕೊಟ್ಟವರಿಂದಲೇ ತಿಳಿಯಬೇಕು.

ಸಂತಾನವಿಲ್ಲದ ಗಂಡಸರೆಲ್ಲರಿಗೂ ಥೈರಾಯ್ಡೇ ಕಾರಣ ಎಂದು ಇದರ ಅರ್ಥವಲ್ಲ, ಹೆಚ್ಚಿನವರಿಗೆ ಅದು ಸರಿಯಾಗಿಯೇ ಇರುತ್ತದೆ. ಆದರೆ ಮೈಯಲ್ಲಿ ಇಷ್ಟು ಲಕ್ಷಣಗಳಿರುವಾಗ ಒಂದು ರಕ್ತಪರೀಕ್ಷೆ ಮಾಡಿಸದೆ ಲಕ್ಷಗಟ್ಟಲೆ ಖರ್ಚಿನ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ನಿನ ಮಾತ್ರೆ ಆಗಸ್ಟಿನಲ್ಲಿ ಶುರುವಾಯಿತು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ ಆರರಿಂದ ಎಂಟು ವಾರ ಕಾದು ಮತ್ತೆ ಪರೀಕ್ಷಿಸುತ್ತಾರೆ. ತುಲಾ ಸಂಕ್ರಮಣ ಕಳೆದು ಮಾಡಿಸಿದಾಗ ಟಿಎಸ್‌ಎಚ್ ಇನ್ನೂ 31ರಲ್ಲಿತ್ತು. ಮಾತ್ರೆಯ ಪ್ರಮಾಣ ಏರಿಸುವ ಮೊದಲು ವೈದ್ಯರು "ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರು. ಇವನು ಹೆಮ್ಮೆಯಿಂದ, ಒಂದು ದಿನವೂ ತಪ್ಪಿಸಿಲ್ಲ, ಅಮ್ಮ ಬೆಳಗಿನ ಕಾಫಿಯ ಲೋಟದ ಪಕ್ಕದಲ್ಲೇ ಇಟ್ಟಿರುತ್ತಾಳೆ ಎಂದನು. ಬೆಲ್ಲ ಹಾಕಿದ ಕರಿಕಾಫಿಯ ಗುಟುಕಿನೊಂದಿಗೆ ಮಾತ್ರೆ ಒಳಗೆ ಹೋಗುತ್ತಿತ್ತು. ಕಾಫಿ ಆ ಮಾತ್ರೆ ಕರುಳಿನಲ್ಲಿ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ನುಂಗಿ, ಕಾಫಿ ತಿಂಡಿಗೆ ಮೊದಲು ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ, ಸುಣ್ಣದಂಶದ ಮಾತ್ರೆಗಳಿಗಾದರೆ ನಾಲ್ಕು ಗಂಟೆ. ಕಾಫಿ ಬೆಳೆದು ಬದುಕುವ ಮನೆಯಲ್ಲಿ ಕಾಫಿಯೇ ಮದ್ದಿಗೆ ಅಡ್ಡ ನಿಂತದ್ದನ್ನು ಅಕ್ಕ ಒಪ್ಪಲು ಒಂದು ವಾರ ಬೇಕಾಯಿತು. ಪ್ರಮಾಣ ಏರಿಸದೆ, ಕಾಫಿಯನ್ನು ಒಂದು ಗಂಟೆ ಮುಂದೂಡಿದ್ದರಿಂದಲೇ ಡಿಸೆಂಬರಿನ ವರದಿ 3.1ಕ್ಕೆ ಬಂತು.

ಉಪ್ಪಿನ ವಿಷಯವನ್ನು ಅಕ್ಕನೇ ಎತ್ತಿದಳು. ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ, ಧಾರಾಕಾರ ಮಳೆಗೆ ಸಿಕ್ಕುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗುತ್ತದೆ. ಗಳಗಂಡದ ನಿಯಂತ್ರಣಕ್ಕೆ ನಮ್ಮ ಸರ್ಕಾರ 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತ್ತು, ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರುವುದಕ್ಕೆ ಈಗ ನಿಷೇಧವಿದೆ. ಆದರೆ ಜುಲೈ ತಿಂಗಳಲ್ಲಿ ನಮ್ಮ ಅಡುಗೆಮನೆಯ ತೆರೆದ ಭರಣಿಯಲ್ಲಿ ಉಪ್ಪು ನೀರೊಡೆಯುವುದನ್ನು, ಮೇಲೆ ನಿಂತ ನೀರನ್ನು ಹೊರಗೆ ಚೆಲ್ಲುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ, ಆ ನೀರಿನೊಂದಿಗೆ ಅಯೋಡಿನ್ನೂ ಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ ಸಾಕು. ಮಳೆಗಾಲದ ಕಕ್ಕಡ ತಿಂಗಳಲ್ಲಿ ಉಣ್ಣುವ ಬೈಂಬಳೆಯನ್ನೂ, ಅಂದರೆ ಕಳಲೆಯನ್ನೂ ಅವಳು ಅಪರಾಧಿ ಮಾಡಲು ಹೊರಟಿದ್ದಳು. ಎಳೆ ಬಿದಿರಿನ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತುವಿದ್ದು, ಅದರಿಂದ ದೇಹದಲ್ಲಿ ಹುಟ್ಟುವ ಥಯೊಸಯನೇಟ್ ಥೈರಾಯ್ಡಿಗೆ ಅಯೋಡಿನ್ ಸಿಗದಂತೆ ಅಡ್ಡ ಬರುವುದು ನಿಜ. ನಮ್ಮ ಹಿರಿಯರು ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ಬಸಿಯುವುದು ಆ ವಿಷವನ್ನು ಕಳೆಯುವ ಕ್ರಮವೇ. ಅಯೋಡಿನ್ ಇರುವ ಉಪ್ಪು ತಿನ್ನುವವರು ವರ್ಷಕ್ಕೆ ನಾಲ್ಕು ದಿನ ಬೈಂಬಳೆ ಕರಿ ಉಂಡರೆ ಥೈರಾಯ್ಡ್ ಕೆಡುವುದಿಲ್ಲ. ಇವನಿಗೆ ಬಂದದ್ದು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದ ಬಗೆ, ಅದಕ್ಕೆ ಊಟದಲ್ಲಿ ಕಾರಣ ಹುಡುಕುವಂತಿಲ್ಲ.

ವೀರ್ಯ ಪರೀಕ್ಷೆಯನ್ನು ಕೂಡಲೇ ಮತ್ತೆ ಮಾಡಿಸಲು ಇವನು ಆತುರಪಟ್ಟನು, ವೈದ್ಯರು ಬಿಡಲಿಲ್ಲ. ಒಂದು ವೀರ್ಯಾಣು ಆರಂಭದಿಂದ ರೂಪುಗೊಳ್ಳಲು ಸುಮಾರು 74 ದಿನ, ಅಲ್ಲಿಂದ ಮುಂದಿನ ನಾಳದಲ್ಲಿ ಸಾಗಿ ಈಜು ಕಲಿಯಲು ಇನ್ನೂ ಒಂದೆರಡು ವಾರ ಬೇಕು. ರಕ್ತ ಸರಿಯಾದ ದಿನದಿಂದ ಮೂರು ತಿಂಗಳು ಕಳೆಯದೆ ತೆಗೆದ ವರದಿ ಹಳೆಯ ಬೆಳೆಯ ವರದಿಯಾಗಿರುತ್ತದೆ. ಮಾರ್ಚ್ ಕೊನೆಯಲ್ಲಿ ಮಾಡಿಸಿದಾಗ ಎಣಿಕೆ 230 ಲಕ್ಷ, ಮುಂದಕ್ಕೆ ಚಲಿಸುವವು 34, ಸರಿಯಾದ ಆಕಾರದವು 4 ಎಂದು ಬಂತು. ಸದ್ಯಕ್ಕೆ ಬೇರೆ ಚಿಕಿತ್ಸೆ ಬೇಡ, ಒಂದು ವರ್ಷ ಸಹಜವಾಗಿ ಪ್ರಯತ್ನಿಸಿ ಎಂದಿದ್ದಾರೆ.

ಈಗ ಆ ಮನೆಯಲ್ಲಿ ಬೆಳಗಿನ ಐದೂವರೆಗೆ ಇವನ ಹಾಸಿಗೆಯ ಪಕ್ಕ ನೀರಿನ ಲೋಟ ಮತ್ತು ಮಾತ್ರೆ, ಆರೂವರೆಗೆ ಕಾಫಿ. ಅವನ ಹೆಂಡತಿಯ ದಪ್ಪ ಕಡತವನ್ನು ಅಕ್ಕ ಗೋದ್ರೆಜ್ ಬೀರುವಿನ ಮೇಲಿನ ಅರೆಯಲ್ಲಿ ಎತ್ತಿಟ್ಟಿದ್ದಾಳೆ. ಇವನದು, ಐದು ಹಾಳೆಯದ್ದು, ಹಜಾರದ ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಇದೆ.